ಅಮೆರಿಕದ ಉದ್ಯೋಗ ಮಸೂದೆಗಳು: ಯಾವುದರಿಂದ ಕೆಲಸ ಹುಟ್ಟುತ್ತದೆ, ಯಾವುದಕ್ಕೆ ಎರಡೂ ಪಕ್ಷಗಳ ಮತ ಸಿಗುತ್ತದೆ

2009ರ ಅಕ್ಟೋಬರ್‌ನಲ್ಲಿ ಅಮೆರಿಕದ ನಿರುದ್ಯೋಗ ಪ್ರಮಾಣ ಶೇ 10 ಮುಟ್ಟಿತು. 2010ರ ಆರಂಭದ ಹೊತ್ತಿಗೆ ಹಿಂಜರಿತದಲ್ಲಿ ಹೋದ ಕೆಲಸಗಳು 80 ಲಕ್ಷ ದಾಟಿದ್ದವು. ಆ ವರ್ಷ ಫೆಬ್ರುವರಿ 9ರಂದು ಅಧ್ಯಕ್ಷ ಬರಾಕ್ ಒಬಾಮ ಡೆಮಾಕ್ರಟಿಕ್ ಮತ್ತು ರಿಪಬ್ಲಿಕನ್ ಪಕ್ಷಗಳ ಸಂಸದೀಯ ನಾಯಕರನ್ನು ಶ್ವೇತಭವನಕ್ಕೆ ಕರೆದು ಉದ್ಯೋಗ ಮಸೂದೆಯ ಬಗ್ಗೆ ಮಾತುಕತೆ ನಡೆಸಿದರು. ಅಲ್ಲಿಂದ 2012ರ ಏಪ್ರಿಲ್‌ವರೆಗೆ ಹೆಚ್ಚುಕಡಿಮೆ ಎಲ್ಲ ಉಪಾಯಗಳೂ ಚರ್ಚೆಗೆ ಬಂದವು. ಕೆಲವು ಕಾನೂನಾದವು, ಕೆಲವು ಸೆನೆಟ್‌ನಲ್ಲೇ ಬಿದ್ದವು. ಉದ್ಯೋಗ ಮಸೂದೆಗಳನ್ನು ಒಂದಕ್ಕೊಂದು ಹೋಲಿಸಿ ನೋಡಲು ಇಷ್ಟು ಒಳ್ಳೆಯ ಅವಧಿ ಇನ್ನೊಂದಿಲ್ಲ. ಆದ್ದರಿಂದ ಇಲ್ಲಿನ ಹೆಚ್ಚಿನ ಉದಾಹರಣೆಗಳು ಆ ವರ್ಷಗಳವು.

ಯಾವ ಮಸೂದೆ ಬಂದರೂ ಮೂರು ಪ್ರಶ್ನೆ ಕೇಳಬೇಕು. ಹಣ ಎಷ್ಟು ಬೇಗ ಜನರ ಕೈ ಸೇರುತ್ತದೆ? ಒಂದು ಡಾಲರ್ ಖರ್ಚಿಗೆ ಎಷ್ಟು ಕೆಲಸ ಹುಟ್ಟುತ್ತದೆ? ಆ ಡಾಲರ್ ಯಾರ ಜೇಬಿನಿಂದ ಬರುತ್ತದೆ? ಮೊದಲ ಎರಡರ ಮೇಲೆ ಅರ್ಥಶಾಸ್ತ್ರಜ್ಞರು ಪುಟಗಟ್ಟಲೆ ಬರೆದಿದ್ದಾರೆ. ಆದರೆ ಒಪ್ಪಂದ ಉಳಿಯುವುದೂ ಮುರಿಯುವುದೂ ಬಹುಪಾಲು ಮೂರನೆಯದರ ಮೇಲೆಯೇ. ಪತ್ರಿಕೆಗಳಲ್ಲಿ ಅದು ಸಾಮಾನ್ಯವಾಗಿ ವರದಿಯ ಕೊನೆಯ ಸಾಲಿಗೆ ಜಾರಿರುತ್ತದೆ.

ಮೊದಲು ಮತಗಳ ಲೆಕ್ಕ

ಪ್ರತಿನಿಧಿ ಸಭೆಯಲ್ಲಿ 435 ಸ್ಥಾನ, 218 ಮತ ಸಿಕ್ಕರೆ ಸಾಕು. ಸೆನೆಟ್‌ನಲ್ಲಿ 100 ಸ್ಥಾನ, ಅಂತಿಮ ಮತಕ್ಕೆ ಸರಳ ಬಹುಮತ ಸಾಕಾದರೂ ಚರ್ಚೆ ಮುಗಿಸಿ ಮತಕ್ಕೆ ಹಾಕಲು 60 ಬೇಕು. ವಿರೋಧಿಗಳು ಚರ್ಚೆ ಎಳೆದು ಮಸೂದೆಯನ್ನು ತಡೆಯುವ ಈ ಪದ್ಧತಿಯೇ ಫಿಲಿಬಸ್ಟರ್. 2010ರ ಜನವರಿ 19ರಂದು ಮ್ಯಾಸಚೂಸೆಟ್ಸ್ ಉಪಚುನಾವಣೆಯಲ್ಲಿ ರಿಪಬ್ಲಿಕನ್ ಸ್ಕಾಟ್ ಬ್ರೌನ್ ಗೆದ್ದರು. ಡೆಮಾಕ್ರಟರ ಬಲ 60ರಿಂದ 59ಕ್ಕೆ ಇಳಿಯಿತು. ಅಂದಿನಿಂದ ಕನಿಷ್ಠ ಒಬ್ಬ ರಿಪಬ್ಲಿಕನ್ ಕೈಜೋಡಿಸದೆ ಉದ್ಯೋಗ ಮಸೂದೆ ಮುಂದೆ ಹೋಗುವಂತಿರಲಿಲ್ಲ. 2011ರ ಜನವರಿಯಲ್ಲಿ ಪ್ರತಿನಿಧಿ ಸಭೆಯೇ ರಿಪಬ್ಲಿಕನ್ನರ ವಶವಾಯಿತು, ಸೆನೆಟ್‌ನಲ್ಲಿ ಡೆಮಾಕ್ರಟರು 53ಕ್ಕೆ ಇಳಿದರು. ಅಲ್ಲಿಂದ ಮುಂದೆ ಒಬ್ಬಿಬ್ಬರು ಬಂದರೆ ಸಾಲದು, ಎದುರು ಪಕ್ಷದ ನಾಯಕತ್ವವೇ ಒಪ್ಪಬೇಕಾಯಿತು.

60ರ ಗೋಡೆಯನ್ನು ಬಳಸಿಕೊಂಡು ಹೋಗುವ ಒಂದು ದಾರಿ ಇದೆ. ಅದರ ಹೆಸರು ರಿಕನ್ಸಿಲಿಯೇಷನ್. ಬಜೆಟ್ ನಿರ್ಣಯಕ್ಕೆ ಕಟ್ಟಿದ ಇಂಥ ಮಸೂದೆಗೆ ಸರಳ ಬಹುಮತ ಸಾಕು. 2021ರ ಮಾರ್ಚ್‌ನ 1.9 ಟ್ರಿಲಿಯನ್ ಡಾಲರ್ ಕೋವಿಡ್ ಪರಿಹಾರ ಕಾಯ್ದೆ ಒಬ್ಬ ರಿಪಬ್ಲಿಕನ್ ಮತವೂ ಇಲ್ಲದೆ 50–49ರಲ್ಲಿ ಸೆನೆಟ್ ದಾಟಿದ್ದು ಹೀಗೆ. ಆದರೆ ಆದಾಯ-ವೆಚ್ಚಕ್ಕೆ ನೇರ ಸಂಬಂಧವಿಲ್ಲದ ಯಾವುದನ್ನೂ ಅದರಲ್ಲಿ ತುರುಕುವಂತಿಲ್ಲ, ಸಾಮಾಜಿಕ ಭದ್ರತಾ ಯೋಜನೆಯನ್ನು ಮುಟ್ಟುವಂತಿಲ್ಲ. ಮುಂದೆ ಹೇಳುವ ಸಂಬಳದ ತೆರಿಗೆ ಕಡಿತದಂಥವು ಆ ದಾರಿಯಲ್ಲಿ ಹೋಗುವುದು ಕಷ್ಟ.

ನಿರುದ್ಯೋಗ ಭತ್ಯೆ: ಡಾಲರ್‌ಗೆ ಡಾಲರ್ ಅತಿ ಹೆಚ್ಚು ಫಲ

ಭತ್ಯೆ ಕೊಟ್ಟರೆ ಕೆಲಸ ಹೇಗೆ ಹುಟ್ಟುತ್ತದೆ ಎಂಬ ಅನುಮಾನ ಸಹಜ. ಸಂಬಳ ನಿಂತ ಮನೆಗೆ ಬಂದ ದುಡ್ಡು ಉಳಿತಾಯಕ್ಕೆ ಹೋಗುವುದಿಲ್ಲ. ಬಾಡಿಗೆ, ದಿನಸಿ, ಕಾರಿನ ಕಂತು ಎಂದು ಅದೇ ತಿಂಗಳು ಅಂಗಡಿಗಳನ್ನು ತಲುಪುತ್ತದೆ, ಅಲ್ಲಿನವರ ಕೆಲಸ ಉಳಿಯುತ್ತದೆ. ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಬಜೆಟ್ ಕಚೇರಿ, ಅಂದರೆ ಸಿಬಿಒ, 2010ರ ಜನವರಿಯಲ್ಲಿ ಆಗಿನ ಉಪಾಯಗಳನ್ನೆಲ್ಲ ತೂಗಿ ನೋಡಿತು. ಭತ್ಯೆಗೆ ಹಾಕಿದ ಒಂದೊಂದು ಡಾಲರ್ ಒಟ್ಟು ಉತ್ಪನ್ನವನ್ನು 70 ಸೆಂಟ್‌ನಿಂದ 1.90 ಡಾಲರ್‌ವರೆಗೆ ಏರಿಸಬಹುದು ಎಂದು ಅಂದಾಜಿಸಿತು. ಅದೇ ಪಟ್ಟಿಯ ತಳದಲ್ಲಿ ಆದಾಯ ತೆರಿಗೆ ಕಡಿತದ ಮುಂದುವರಿಕೆ ಇತ್ತು: 10ರಿಂದ 40 ಸೆಂಟ್.

ಇದನ್ನು ಜಾರಿ ಮಾಡಲು ಹೊಸ ಕಚೇರಿ ಬೇಕಿಲ್ಲ. ರಾಜ್ಯಗಳು ಸಾಮಾನ್ಯವಾಗಿ 26 ವಾರ ಭತ್ಯೆ ಕೊಡುತ್ತವೆ, ಆ ವ್ಯವಸ್ಥೆಗೇ ಫೆಡರಲ್ ವಾರಗಳನ್ನು ಸೇರಿಸಿದರೆ ಮುಗಿಯಿತು. 2009ರ ನವೆಂಬರ್ ಹೊತ್ತಿಗೆ ನಿರುದ್ಯೋಗ ಹೆಚ್ಚಿದ್ದ ರಾಜ್ಯಗಳಲ್ಲಿ ಒಟ್ಟು 99 ವಾರ ಸಿಗುತ್ತಿತ್ತು.

ಎಡವಟ್ಟಾಗುವುದು ಅವಧಿಯಲ್ಲಿ. ಮತ ಸಿಗಲೆಂದು ಒಂದೆರಡು ತಿಂಗಳಿಗಷ್ಟೇ ವಿಸ್ತರಿಸಿದರೆ ಪ್ರತಿ ಗಡುವಿಗೂ ಜಗಳ ಹೊಸದಾಗಿ ಶುರುವಾಗುತ್ತದೆ. 2010ರ ಫೆಬ್ರುವರಿ ಕೊನೆಯಲ್ಲಿ ಕೆಂಟಕಿಯ ಸೆನೆಟರ್ ಜಿಮ್ ಬನ್ನಿಂಗ್ ಒಬ್ಬರೇ ಆಕ್ಷೇಪ ಎತ್ತಿದ್ದಕ್ಕೆ ಕಾರ್ಯಕ್ರಮ ಕೆಲ ದಿನ ನಿಂತಿತು. ಜೂನ್ ಆರಂಭದಲ್ಲಿ ಮತ್ತೆ ನಿಂತದ್ದು ಜುಲೈ 22ರವರೆಗೂ ಶುರುವಾಗಲಿಲ್ಲ. ಆ ಏಳು ವಾರ ಲಕ್ಷಗಟ್ಟಲೆ ಕುಟುಂಬಗಳಿಗೆ ಚೆಕ್ ಬರಲಿಲ್ಲ. ವೆಸ್ಟ್ ವರ್ಜೀನಿಯಾದ ಸೆನೆಟರ್ ರಾಬರ್ಟ್ ಬರ್ಡ್ ತೀರಿಕೊಂಡು ತೆರವಾಗಿದ್ದ ಸ್ಥಾನಕ್ಕೆ ಕಾರ್ಟ್ ಗುಡ್ವಿನ್ ಪ್ರಮಾಣವಚನ ತೆಗೆದುಕೊಂಡ ದಿನವೇ 60ನೇ ಮತ ಸಿಕ್ಕಿತು. ಜೊತೆಗಿದ್ದ ರಿಪಬ್ಲಿಕನ್ನರು ಇಬ್ಬರೇ, ಮೇನ್ ರಾಜ್ಯದ ಸೂಸನ್ ಕಾಲಿನ್ಸ್ ಮತ್ತು ಒಲಿಂಪಿಯಾ ಸ್ನೋ.

ಇದರ ವಿರುದ್ಧದ ವಾದವನ್ನೂ ತಳ್ಳಿಹಾಕುವಂತಿಲ್ಲ. ಭತ್ಯೆ ಹೆಚ್ಚು ಕಾಲ ಸಿಕ್ಕರೆ ಕೆಲವರು ಕೆಲಸ ಹುಡುಕುವುದನ್ನು ನಿಧಾನ ಮಾಡುತ್ತಾರೆ. ಒಂದು ಕೆಲಸಕ್ಕೆ ಐದಾರು ಜನ ಕಾಯುತ್ತಿರುವಾಗ ಆ ಪರಿಣಾಮ ಸಣ್ಣದು, ಕೆಲಸಗಳು ಮತ್ತೆ ಹೇರಳವಾದಾಗ ದೊಡ್ಡದು. ಹಾಗಾಗಿ ವಾರಗಳ ಸಂಖ್ಯೆಯನ್ನು ನಿರುದ್ಯೋಗ ಪ್ರಮಾಣಕ್ಕೆ ಕಟ್ಟುವುದೇ ಸರಿ.

ರಾಜ್ಯಗಳಿಗೆ ನೆರವು: ಇರುವ ಕೆಲಸ ಉಳಿಸುವುದು

ಫೆಡರಲ್ ಸರ್ಕಾರ ಸಾಲ ಮಾಡಬಹುದು. ರಾಜ್ಯಗಳು ಹೆಚ್ಚುಕಡಿಮೆ ಎಲ್ಲವೂ ವರ್ಷದ ಖರ್ಚನ್ನು ವರ್ಷದ ಆದಾಯದಲ್ಲೇ ಸರಿದೂಗಿಸಬೇಕು. ಹಿಂಜರಿತದಲ್ಲಿ ತೆರಿಗೆ ಕುಸಿದರೆ ಮೊದಲು ಹೋಗುವುದು ಶಿಕ್ಷಕರ, ಪೊಲೀಸರ, ಅಗ್ನಿಶಾಮಕ ಸಿಬ್ಬಂದಿಯ ಕೆಲಸ. 2010ರ ಆಗಸ್ಟ್ 10ರಂದು ಸಹಿಯಾದ 26 ಬಿಲಿಯನ್ ಡಾಲರ್ (2,600 ಕೋಟಿ ಡಾಲರ್) ಕಾಯ್ದೆ ಇದಕ್ಕೇ ಇತ್ತು: 10 ಬಿಲಿಯನ್ ಶಾಲೆಗಳಿಗೆ, ಸುಮಾರು 16 ಬಿಲಿಯನ್ ಬಡವರ ವೈದ್ಯಕೀಯ ಯೋಜನೆಯಾದ ಮೆಡಿಕೇಡ್‌ಗೆ. ಬೇಸಿಗೆ ರಜೆಯಲ್ಲಿದ್ದ ಪ್ರತಿನಿಧಿ ಸಭೆಯನ್ನು ವಾಪಸ್ ಕರೆಸಿ ಮತ ಹಾಕಿಸಬೇಕಾಯಿತು.

ತಡವಾದದ್ದೇ ಇದರ ಕುಂದು. 46 ರಾಜ್ಯಗಳ ಹಣಕಾಸು ವರ್ಷ ಜುಲೈ 1ಕ್ಕೆ ಶುರು. ಆಗಸ್ಟ್‌ನಲ್ಲಿ ಬಂದ ಹಣ ನೋಡುವ ಹೊತ್ತಿಗೆ ಬಜೆಟ್ ಮುಗಿದಿತ್ತು, ವಜಾ ಪತ್ರಗಳೂ ಹೋಗಿದ್ದವು. ಎಷ್ಟೋ ಶಾಲಾ ಜಿಲ್ಲೆಗಳು ಹಣವನ್ನು ಮುಂದಿನ ವರ್ಷಕ್ಕೆ ಎತ್ತಿಟ್ಟವು, ನಿಯಮ ಅದಕ್ಕೆ ಅವಕಾಶ ಕೊಟ್ಟಿತ್ತು. ರಾಜ್ಯ ನೆರವನ್ನು ಆರಿಸಿಕೊಳ್ಳುವುದಾದರೆ ಮಸೂದೆ ಏಪ್ರಿಲ್ ಒಳಗೆ ಮುಗಿಯಬೇಕು.

ಹೊಸ ನೇಮಕಾತಿಗೆ ತೆರಿಗೆ ವಿನಾಯಿತಿ: ಒಮ್ಮತಕ್ಕೆ ಹತ್ತಿರ, ಕಾಗದಪತ್ರಕ್ಕೆ ಭಾರ

ಎರಡೂ ಪಕ್ಷಗಳು ಒಟ್ಟಾಗಿ ಕೂರಬಲ್ಲ ಜಾಗ ಯಾವುದಾದರೂ ಇದ್ದರೆ ಇದೇ. ರಿಪಬ್ಲಿಕನ್ನರಿಗೆ ಇದು ತೆರಿಗೆ ಕಡಿತ, ಡೆಮಾಕ್ರಟರಿಗೆ ನಿರುದ್ಯೋಗಿಯ ಹೆಸರಿಗೆ ಕಟ್ಟಿದ ಸಹಾಯ. ನ್ಯೂಯಾರ್ಕ್‌ನ ಡೆಮಾಕ್ರಟ್ ಚಕ್ ಶುಮರ್ ಮತ್ತು ಯೂಟಾದ ರಿಪಬ್ಲಿಕನ್ ಆರಿನ್ ಹ್ಯಾಚ್ ಸೇರಿ ರೂಪಿಸಿದ ಯೋಜನೆಯೇ ಹೈರ್ ಕಾಯ್ದೆಯ ಬೆನ್ನೆಲುಬು. ಒಬಾಮ 2010ರ ಮಾರ್ಚ್ 18ರಂದು ಸಹಿ ಹಾಕಿದರು.

ಅದು ಕೆಲಸ ಮಾಡಿದ ರೀತಿ ಹೀಗೆ. ಅಮೆರಿಕದಲ್ಲಿ ಸಾಮಾಜಿಕ ಭದ್ರತೆಗೆಂದು ಸಂಬಳದ ಶೇ 6.2 ಉದ್ಯೋಗಿಯಿಂದ, ಶೇ 6.2 ಮಾಲೀಕರಿಂದ ಹೋಗುತ್ತದೆ. ನಮ್ಮ ಪಿಎಫ್‌ನಲ್ಲಿ ಎರಡೂ ಕಡೆಯಿಂದ ಕಂತು ಹೋಗುವ ಹಾಗೆ. 2010ರ ಫೆಬ್ರುವರಿ 3ರ ನಂತರ ಸೇರಿಸಿಕೊಂಡ ಅರ್ಹ ಉದ್ಯೋಗಿಗೆ ಮಾರ್ಚ್ 19ರಿಂದ ಡಿಸೆಂಬರ್ 31ರವರೆಗೆ ಕೊಟ್ಟ ಸಂಬಳದ ಮೇಲೆ ಮಾಲೀಕರು ತಮ್ಮ ಪಾಲಿನ 6.2 ಕಟ್ಟಬೇಕಿರಲಿಲ್ಲ. ಈ ತೆರಿಗೆ ಆಗ 1,06,800 ಡಾಲರ್‌ವರೆಗಿನ ಸಂಬಳಕ್ಕಷ್ಟೇ ಇದ್ದದ್ದರಿಂದ ಒಬ್ಬ ಉದ್ಯೋಗಿಗೆ ಗರಿಷ್ಠ ಲಾಭ 6,621 ಡಾಲರ್ 60 ಸೆಂಟ್. ಅರ್ಹತೆಗೆ ಷರತ್ತುಗಳು:

- ಸೇರುವ ಮುನ್ನಿನ 60 ದಿನಗಳಲ್ಲಿ ಒಟ್ಟು 40 ಗಂಟೆಗಿಂತ ಹೆಚ್ಚು ದುಡಿದಿರಬಾರದು. ಇದನ್ನು ಉದ್ಯೋಗಿಯೇ ಡಬ್ಲ್ಯು-11 ನಮೂನೆಯಲ್ಲಿ ಅಥವಾ ಅಂಥದ್ದೇ ಪ್ರಮಾಣಪತ್ರದಲ್ಲಿ ಬರೆದು ಸಹಿ ಮಾಡಬೇಕು.
- ಇನ್ನೊಬ್ಬರನ್ನು ತೆಗೆದು ಅವರ ಜಾಗಕ್ಕೆ ಸೇರಿಸಿರಬಾರದು. ಹಿಂದಿನವರು ತಾವಾಗಿ ಬಿಟ್ಟಿದ್ದರೆ ಅಥವಾ ತಕ್ಕ ಕಾರಣಕ್ಕೆ ವಜಾ ಆಗಿದ್ದರೆ ಅಡ್ಡಿಯಿಲ್ಲ.
- ಮಾಲೀಕರ ಹತ್ತಿರದ ಸಂಬಂಧಿ ಆಗಿರಬಾರದು.

ಜೊತೆಗೆ, ಅದೇ ಉದ್ಯೋಗಿಯನ್ನು ಬಿಡದೆ 52 ವಾರ ಇಟ್ಟುಕೊಂಡರೆ 1,000 ಡಾಲರ್ ಅಥವಾ ವರ್ಷದ ಸಂಬಳದ ಶೇ 6.2, ಯಾವುದು ಕಡಿಮೆಯೋ ಅದು, ಆದಾಯ ತೆರಿಗೆಯಲ್ಲಿ ಕಳೆಯುತ್ತಿತ್ತು. ಪೂರ್ತಿ 1,000 ಸಿಗಲು ಸಂಬಳ ವರ್ಷಕ್ಕೆ ಸುಮಾರು 16,130 ಡಾಲರ್ ಇರಬೇಕು. ಕೊನೆಯ 26 ವಾರದ ಸಂಬಳ ಮೊದಲ 26 ವಾರದ ಶೇ 80ಕ್ಕಿಂತ ಕಡಿಮೆಯಾದರೆ ಅದೂ ಇಲ್ಲ.

ಇಷ್ಟು ಎಚ್ಚರಿಕೆಯಿಂದ ಹೆಣೆದರೂ ಸೋರುವ ಜಾಗ ಒಂದಿದೆ. ಹಿಂಜರಿತದ ತಳದಲ್ಲೂ ಅಮೆರಿಕದ ಕಂಪನಿಗಳು ತಿಂಗಳಿಗೆ 35 ಲಕ್ಷಕ್ಕೂ ಹೆಚ್ಚು ಜನರನ್ನು ಸೇರಿಸಿಕೊಳ್ಳುತ್ತಲೇ ಇದ್ದವು. ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ಸಹಜ ಓಡಾಟ ಅದು. ಪ್ರತಿ ನೇಮಕಕ್ಕೂ ವಿನಾಯಿತಿ ಕೊಟ್ಟರೆ ಹೇಗಿದ್ದರೂ ಆಗುತ್ತಿದ್ದ ನೇಮಕಕ್ಕೇ ಹೆಚ್ಚಿನ ಹಣ ಹೋಗುತ್ತದೆ. 1977–78ರ ಕ್ರೆಡಿಟ್ ಇದನ್ನು ಬೇರೆ ರೀತಿಯಲ್ಲಿ ತಡೆಯಲು ನೋಡಿತ್ತು. ಕಂಪನಿಯ ತೆರಿಗೆಗೊಳಪಟ್ಟ ಸಂಬಳದ ಮೊತ್ತ ಹಿಂದಿನ ವರ್ಷದ ಶೇ 102 ದಾಟಿದರೆ ಮಾತ್ರ, ದಾಟಿದ ಭಾಗಕ್ಕೆ ಮಾತ್ರ ಲಾಭ: ಒಬ್ಬರ ಮೊದಲ 4,200 ಡಾಲರ್‌ಗೆ ಅರ್ಧ, ಕಂಪನಿಗೆ ಗರಿಷ್ಠ ಒಂದು ಲಕ್ಷ. ಇದರಲ್ಲಿ ಸೋರಿಕೆ ಕಡಿಮೆ. ಆದರೆ ಲೆಕ್ಕ ಗೋಜಲು, ಎಷ್ಟೋ ಸಣ್ಣ ಮಾಲೀಕರಿಗೆ ಇಂಥದ್ದೊಂದು ಇದೆ ಎಂಬುದೇ ವರ್ಷ ಮುಗಿದ ಮೇಲೆ ಲೆಕ್ಕಪರಿಶೋಧಕರಿಂದ ತಿಳಿಯಿತು. ನೇಮಕದ ನಿರ್ಧಾರ ಮಾಡುವಾಗ ಗೊತ್ತಿಲ್ಲದ ವಿನಾಯಿತಿ ಯಾವ ನೇಮಕವನ್ನೂ ತರುವುದಿಲ್ಲ.

ಹೀಗಾಗಿ ಆಯ್ಕೆ ಇರುವುದು ಸರಳ ಆದರೆ ಸೋರುವ ಹೈರ್ ಮಾದರಿ ಮತ್ತು ಬಿಗಿ ಆದರೆ ಗೋಜಲಾದ 1977ರ ಮಾದರಿಯ ನಡುವೆ. ಸಿಬಿಒ ಪಟ್ಟಿಯಲ್ಲಿ, ಸಂಬಳದ ಮೊತ್ತ ಹೆಚ್ಚಿಸಿದ ಕಂಪನಿಗೆ ಮಾತ್ರ ಕೊಡುವ ಕಡಿತ ಭತ್ಯೆಯ ನಂತರದ ಸಾಲಿನಲ್ಲೇ ಇತ್ತು. ಬಿಗಿ ಮಾದರಿಯನ್ನೇ ತೆಗೆದುಕೊಂಡು, ವರ್ಷದ ಕೊನೆಯ ಬದಲು ತ್ರೈಮಾಸಿಕ ಸಂಬಳ ತೆರಿಗೆ ವಿವರದಲ್ಲೇ, ಅಂದರೆ 941 ನಮೂನೆಯಲ್ಲೇ, ಲಾಭ ಕಾಣುವಂತೆ ಮಾಡುವುದು ಉತ್ತಮ.

ಎಲ್ಲರ ಸಂಬಳದ ತೆರಿಗೆ ಕಡಿತ: ಬೇಗ, ಜನಪ್ರಿಯ, ದುಬಾರಿ

2010ರ ಡಿಸೆಂಬರ್‌ನಲ್ಲಿ ಉಪಾಧ್ಯಕ್ಷ ಜೋ ಬೈಡನ್ ಮತ್ತು ಸೆನೆಟ್ ರಿಪಬ್ಲಿಕನ್ ನಾಯಕ ಮಿಚ್ ಮೆಕಾನಲ್ ಕುದುರಿಸಿದ ಒಪ್ಪಂದದಲ್ಲಿ ಉದ್ಯೋಗಿಗಳ ಪಾಲನ್ನು 2011ಕ್ಕೆ ಶೇ 6.2ರಿಂದ 4.2ಕ್ಕೆ ಇಳಿಸಲಾಯಿತು. 50,000 ಡಾಲರ್ ಸಂಬಳದವರಿಗೆ ವರ್ಷಕ್ಕೆ 1,000, ಗರಿಷ್ಠ 2,136. ಸಂಬಳ ಪಟ್ಟಿಯಲ್ಲಿ ಒಂದು ಅಂಕಿ ಬದಲಿಸಿದರೆ ಸಾಕು, ಮುಂದಿನ ಚೆಕ್‌ನಲ್ಲೇ ಹಣ ಕಾಣುತ್ತದೆ. ವೇಗದಲ್ಲಿ ಇದನ್ನು ಮೀರಿಸುವುದು ಕಷ್ಟ.

ಆದರೆ ಇದು ಕೆಲಸ ಇರುವವರಿಗಷ್ಟೇ ತಲುಪುತ್ತದೆ, ಕೆಲಸ ಕಳೆದುಕೊಂಡವರಿಗೆ ಒಂದು ಸೆಂಟ್ ಕೂಡ ಇಲ್ಲ. ಹಿಂದಿನ ಎರಡು ವರ್ಷ ಇದ್ದ 400 ಡಾಲರ್‌ಗಳ ಕ್ರೆಡಿಟ್‌ನ ಜಾಗಕ್ಕೆ ಇದು ಬಂದದ್ದರಿಂದ ವರ್ಷಕ್ಕೆ 20,000 ಡಾಲರ್‌ಗಿಂತ ಕಡಿಮೆ ದುಡಿಯುವ ಒಂಟಿ ಉದ್ಯೋಗಿಗೆ ಮೊದಲಿಗಿಂತ ಕಡಿಮೆಯೇ ಸಿಕ್ಕಿತು. ಸಾಮಾಜಿಕ ಭದ್ರತಾ ನಿಧಿಗೆ ಆಗುವ ಕೊರತೆಯನ್ನು ಸಾಮಾನ್ಯ ಖಜಾನೆಯಿಂದ ತುಂಬಬೇಕಾಯಿತು. ನಿಲ್ಲಿಸುವುದೂ ನೋವಿನ ಕೆಲಸ. 2011ರ ಕೊನೆಯಲ್ಲಿ ಸೆನೆಟ್ 89–10ರಲ್ಲಿ ಎರಡು ತಿಂಗಳ ವಿಸ್ತರಣೆ ಒಪ್ಪಿತು, ಪ್ರತಿನಿಧಿ ಸಭೆ ಮೊದಲು ತಿರಸ್ಕರಿಸಿ ಡಿಸೆಂಬರ್ 23ರಂದು ಒಪ್ಪಿತು. ಕೊನೆಗೆ 2013ರ ಜನವರಿ 1ಕ್ಕೆ ದರ 6.2ಕ್ಕೆ ಮರಳಿತು.

ರಸ್ತೆ, ಸೇತುವೆ, ಶಾಲಾ ಕಟ್ಟಡ

ಎಲ್ಲ ಸಂಸದರಿಗೂ ಇಷ್ಟವಾದ ಮಾತು ಇದು. ಕ್ಷೇತ್ರದಲ್ಲಿ ಫಲಕ ಹಾಕಬಹುದು. ಆದರೆ ಮಂಜೂರಾದ ಹಣ, ಒಪ್ಪಂದವಾದ ಹಣ, ಖರ್ಚಾದ ಹಣ ಎಂಬ ಮೂರು ಅಂಕಿಗಳನ್ನು ಬೇರೆ ಬೇರೆ ಓದಬೇಕು. ಹೆದ್ದಾರಿ ಯೋಜನೆಗಳಲ್ಲಿ ಗುತ್ತಿಗೆದಾರರ ಬಿಲ್ಲನ್ನು ಮೊದಲು ರಾಜ್ಯ ಕಟ್ಟುತ್ತದೆ, ಆಮೇಲೆ ಫೆಡರಲ್ ಹೆದ್ದಾರಿ ಇಲಾಖೆಯಿಂದ ಮರುಪಾವತಿ ಪಡೆಯುತ್ತದೆ. ಮೊದಲ ವರ್ಷ ಖರ್ಚಾಗುವುದು ಮಂಜೂರಾತಿಯ ಸುಮಾರು ಕಾಲು ಭಾಗ ಅಷ್ಟೆ. ಅದಕ್ಕೂ ಮೊದಲು ಪರಿಸರ ಪರಿಶೀಲನೆ, ವಿನ್ಯಾಸ, ಜಾಗ, ಟೆಂಡರ್. ಉತ್ತರದ ರಾಜ್ಯಗಳಲ್ಲಿ ಹಿಮ ಬಿದ್ದರೆ ಡಾಂಬರು ಕೆಲಸ ವಸಂತದವರೆಗೆ ಇಲ್ಲ.

ಹಿಂಜರಿತ ಎದುರಿಸಲು ತಂದ 2009ರ ಉತ್ತೇಜನ ಕಾಯ್ದೆ, ಅಂದರೆ ರಿಕವರಿ ಕಾಯ್ದೆ, ಈ ವಿಳಂಬ ಕಡಿಮೆ ಮಾಡಲು ಎರಡು ಕೆಲಸ ಮಾಡಿತು. ಸಾಮಾನ್ಯವಾಗಿ ರಾಜ್ಯ ಹಾಕಬೇಕಾದ ಶೇ 20ರ ಪಾಲನ್ನು ಬಿಟ್ಟುಕೊಟ್ಟು ಪೂರ್ತಿ ಫೆಡರಲ್ ಹಣವನ್ನೇ ಕೊಟ್ಟಿತು. ರಾಜ್ಯದ ಕೈಯಲ್ಲಿದ್ದ ಹೆದ್ದಾರಿ ಹಣದ ಅರ್ಧಕ್ಕೆ 120 ದಿನದೊಳಗೆ ಒಪ್ಪಂದವಾಗಬೇಕು, ಇಲ್ಲದಿದ್ದರೆ ಬೇರೆ ರಾಜ್ಯಕ್ಕೆ ಹೋಗುತ್ತದೆ ಎಂದಿತು. ಹಣ ಓಡಿತು ನಿಜ, ಆದರೆ ಹೆಚ್ಚಿನದು ಹಳೇ ರಸ್ತೆಗೆ ಹೊಸ ಡಾಂಬರು ಹಾಕುವುದಕ್ಕೆ ಹೋಯಿತು, ಏಕೆಂದರೆ ಕಾಗದ ಸಿದ್ಧವಿದ್ದದ್ದು ಅದಕ್ಕೆ ಮಾತ್ರ. ಗಡುವು ಬಿಗಿಯಾದಷ್ಟೂ ಯೋಜನೆ ಚಿಕ್ಕದಾಗುತ್ತದೆ.

ಗಡುವು ಇಲ್ಲದಿದ್ದರೆ ಇನ್ನೊಂದು ತುದಿ. 1983ರ ಮಾರ್ಚ್‌ನ ತುರ್ತು ಉದ್ಯೋಗ ಕಾಯ್ದೆಯನ್ನು ಸರ್ಕಾರಿ ಲೆಕ್ಕತಪಾಸಣಾ ಸಂಸ್ಥೆ ಮೂರು ವರ್ಷದ ನಂತರ ಪರಿಶೀಲಿಸಿ, ಹಣ ನಿಧಾನವಾಗಿ ಖರ್ಚಾಯಿತು, ಹುಟ್ಟಿದ ಕೆಲಸ ಕಡಿಮೆ ಎಂದು ಹೇಳಿತು. 2021ರ ಮೂಲಸೌಕರ್ಯ ಕಾಯ್ದೆಯ 42.45 ಬಿಲಿಯನ್ ಡಾಲರ್ ಬ್ರಾಡ್‌ಬ್ಯಾಂಡ್ ಯೋಜನೆ 2024 ಮುಗಿದರೂ ಒಂದು ಮನೆಗೂ ತಂತಿ ಎಳೆದಿರಲಿಲ್ಲ. ಆ ಕಾಯ್ದೆ ಕೆಟ್ಟದ್ದೆಂದು ಇದರ ಅರ್ಥವಲ್ಲ, ಹಳೆಯ ಸೇತುವೆಗಳಿಗೆ ಅದು ಬೇಕೇ ಬೇಕಿತ್ತು. ಈ ವರ್ಷದ ನಿರುದ್ಯೋಗಕ್ಕೆ ಅದು ಮದ್ದಲ್ಲ ಅಷ್ಟೆ.

ಸಾಲ ಮತ್ತು ಬಂಡವಾಳದ ಉಪಾಯಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. 2010ರ ಸೆಪ್ಟೆಂಬರ್‌ನಲ್ಲಿ ಸಣ್ಣ ಉದ್ದಿಮೆಗಳಿಗೆ ಸಾಲ ಕೊಡಲೆಂದು ಸಮುದಾಯ ಬ್ಯಾಂಕುಗಳಿಗೆ ತೆರೆದ ನಿಧಿ 30 ಬಿಲಿಯನ್, ಬಳಕೆಯಾದದ್ದು ಸುಮಾರು 4 ಬಿಲಿಯನ್. ಕೊಳ್ಳುವವರಿಲ್ಲದ ಅಂಗಡಿಯವರು ಸಾಲ ಕೇಳುವುದಿಲ್ಲ. ಸಣ್ಣ ಕಂಪನಿಗಳು ಬಂಡವಾಳ ಎತ್ತುವ ನಿಯಮಗಳನ್ನು ಸಡಿಲಿಸಿದ 2012ರ ಏಪ್ರಿಲ್ 5ರ ಜಾಬ್ಸ್ ಕಾಯ್ದೆ ಸೆನೆಟ್‌ನಲ್ಲಿ 73–26, ಪ್ರತಿನಿಧಿ ಸಭೆಯಲ್ಲಿ 380–41ರಲ್ಲಿ ಸುಲಭವಾಗಿ ದಾಟಿತು, ಖಜಾನೆಗೆ ಖರ್ಚೂ ಇರಲಿಲ್ಲ. ಸಾರ್ವಜನಿಕರಿಂದ ಸಣ್ಣ ಮೊತ್ತಗಳಲ್ಲಿ ಬಂಡವಾಳ ಎತ್ತುವ ಅದರ ಭಾಗ ಜಾರಿಗೆ ಬಂದದ್ದು 2016ರ ಮೇ ತಿಂಗಳಲ್ಲಿ.

ದುಡ್ಡಿನ ಮೂಲ: ಒಪ್ಪಂದ ಒಡೆಯುವ ಜಾಗ

ಕೆಳಗಿನ ಪಟ್ಟಿಯಲ್ಲಿ ಕೊನೆಯ ಕಾಲಂ ಅನ್ನು ಮೊದಲು ಓದಿ.

| ಮಸೂದೆ | ಗಾತ್ರ (ಬಿಲಿಯನ್ ಡಾಲರ್) | ಸೆನೆಟ್ ಮತ | ಹಣ ಎಲ್ಲಿಂದ |
|---|---|---|---|
| ರಿಕವರಿ ಕಾಯ್ದೆ, ಫೆಬ್ರುವರಿ 2009 | 787 | 60–38 | ಸಾಲ |
| ಹೈರ್ ಕಾಯ್ದೆ, ಮಾರ್ಚ್ 2010 | ಸುಮಾರು 18 | 68–29 | ವಿದೇಶಿ ಖಾತೆಗಳ ತೆರಿಗೆ ನಿಯಮ ಮುಂತಾದವು |
| ರಾಜ್ಯ ನೆರವು, ಆಗಸ್ಟ್ 2010 | 26 | 61–39 | ಬಹುರಾಷ್ಟ್ರೀಯ ಕಂಪನಿಗಳ ತೆರಿಗೆ ಬಿಗಿ, ಆಹಾರ ನೆರವಿನ ಕಡಿತ |
| ತೆರಿಗೆ ಒಪ್ಪಂದ, ಡಿಸೆಂಬರ್ 2010 | 858 | 81–19 | ಸಾಲ |
| ಅಮೆರಿಕನ್ ಜಾಬ್ಸ್ ಮಸೂದೆ, ಅಕ್ಟೋಬರ್ 2011 | 447 | 50–49, ಬಿತ್ತು | 10 ಲಕ್ಷ ಡಾಲರ್ ಮೀರಿದ ಆದಾಯಕ್ಕೆ ಶೇ 5.6 ಹೆಚ್ಚುವರಿ ತೆರಿಗೆ |
| ಮೂಲಸೌಕರ್ಯ ಕಾಯ್ದೆ, 2021 | ಹೊಸದಾಗಿ 550 | 69–30 | ಬಳಕೆಯಾಗದ ಕೋವಿಡ್ ಹಣ, ಕ್ರಿಪ್ಟೊ ವರದಿ ನಿಯಮ, ಉಳಿದದ್ದು ಸಾಲ |

ಒಬಾಮ 2011ರ ಸೆಪ್ಟೆಂಬರ್ 8ರಂದು ಎರಡೂ ಸದನಗಳ ಮುಂದೆ ಮಂಡಿಸಿದ 447 ಬಿಲಿಯನ್ ಪ್ಯಾಕೇಜಿನಲ್ಲಿ ಸಂಬಳ ತೆರಿಗೆ ಕಡಿತ ಇತ್ತು, ದೀರ್ಘಕಾಲದ ನಿರುದ್ಯೋಗಿಯನ್ನು ಸೇರಿಸಿಕೊಂಡವರಿಗೆ 4,000 ಡಾಲರ್ ಇತ್ತು, ಶಿಕ್ಷಕರಿಗೆ, ರಸ್ತೆಗೆ ಹಣ ಇತ್ತು. ಬಿಡಿಬಿಡಿಯಾಗಿ ನೋಡಿದರೆ ಇವುಗಳಲ್ಲಿ ಹಲವನ್ನು ರಿಪಬ್ಲಿಕನ್ನರು ಹಿಂದೆ ಒಪ್ಪಿದ್ದವರೇ. ಶ್ರೀಮಂತರ ಮೇಲಿನ ಹೆಚ್ಚುವರಿ ತೆರಿಗೆ ಜೊತೆಗೆ ಬಂದಾಗ ಒಬ್ಬರೂ ಬರಲಿಲ್ಲ. ತುಂಡು ಮಾಡಿ ತಂದಾಗಲೂ ಅದೇ ಕಥೆ: ಶಿಕ್ಷಕರ 35 ಬಿಲಿಯನ್ ಅಕ್ಟೋಬರ್ 20ರಂದು 50–50, ಮೂಲಸೌಕರ್ಯದ 60 ಬಿಲಿಯನ್ ನವೆಂಬರ್ 3ರಂದು 51–49. ತೆರಿಗೆಯ ದರ ಶೇ 5.6ರಿಂದ 0.5ಕ್ಕೆ, 0.7ಕ್ಕೆ ಇಳಿದಿತ್ತು, ಆದರೂ ಮತ ಅಲುಗಲಿಲ್ಲ. ತಕರಾರು ದರದ್ದಾಗಿರಲಿಲ್ಲ, ತತ್ವದ್ದು. ಅದೇ ನವೆಂಬರ್‌ನಲ್ಲಿ ಮಾಜಿ ಸೈನಿಕರನ್ನು ಸೇರಿಸಿಕೊಂಡವರಿಗೆ 5,600 ಮತ್ತು 9,600 ಡಾಲರ್‌ವರೆಗೆ ವಿನಾಯಿತಿ ಕೊಡುವ ಭಾಗ ಪ್ರತಿನಿಧಿ ಸಭೆಯಲ್ಲಿ 422–0ರಲ್ಲಿ ಪಾಸಾಯಿತು. ಅದರ ಖರ್ಚನ್ನು ಗೃಹಸಾಲದ ಶುಲ್ಕದಂಥ ಸಣ್ಣ ಮೂಲಗಳಿಂದ ಹೊಂದಿಸಲಾಗಿತ್ತು.

ಹೈರ್ ಕಾಯ್ದೆಯ ಹಣದ ಮೂಲ ಕರ್ನಾಟಕದ ಓದುಗರಿಗೂ ಪರಿಚಿತ. ಬ್ಯಾಂಕ್ ಖಾತೆ ತೆರೆಯುವಾಗ, ಮ್ಯೂಚುವಲ್ ಫಂಡ್ ಕೊಳ್ಳುವಾಗ ಸಹಿ ಹಾಕಿಸಿಕೊಳ್ಳುವ ಫ್ಯಾಟ್ಕಾ ಘೋಷಣೆ ಹುಟ್ಟಿದ್ದು ಇದೇ ಉದ್ಯೋಗ ಕಾಯ್ದೆಯೊಳಗೆ. ಅಮೆರಿಕನ್ನರ ಖಾತೆಗಳ ವಿವರ ಕೊಡದ ವಿದೇಶಿ ಬ್ಯಾಂಕುಗಳಿಗೆ ಅಮೆರಿಕದಿಂದ ಹೋಗುವ ಪಾವತಿಯಲ್ಲಿ ಶೇ 30 ಮುರಿದುಕೊಳ್ಳುವ ನಿಯಮ ಅದು. ಹತ್ತು ವರ್ಷದಲ್ಲಿ ಸುಮಾರು 8.7 ಬಿಲಿಯನ್ ಡಾಲರ್ ತರುತ್ತದೆಂಬ ಅಂದಾಜು ಇತ್ತು. ಭಾರತ 2015ರ ಜುಲೈ 9ರಂದು ಅಮೆರಿಕದ ಜೊತೆ ಈ ಬಗ್ಗೆ ಒಪ್ಪಂದ ಮಾಡಿಕೊಂಡಿತು. ಮಂಗಳೂರಿನ ತಾಯಿತಂದೆಯ ಜೊತೆ ಜಂಟಿ ಖಾತೆ ಇಟ್ಟುಕೊಂಡ ಕ್ಯಾಲಿಫೋರ್ನಿಯಾದ ಗ್ರೀನ್ ಕಾರ್ಡ್‌ದಾರರಿಗೆ ಈ ಕಾಯ್ದೆಯ ಬಿಸಿ ಇಂದಿಗೂ ತಟ್ಟುತ್ತದೆ. ವಾಷಿಂಗ್ಟನ್ನಿನಲ್ಲಿ ಮತ ಸಿಕ್ಕಿದ್ದಕ್ಕೆ ಒಂದು ಕಾರಣವೂ ಇದೇ: ಹೊರೆ ಬಿದ್ದದ್ದು ಅಲ್ಲಿ ಮತ ಹಾಕದ ವಿದೇಶಿ ಬ್ಯಾಂಕುಗಳ ಮೇಲೆ.

ಸಾಲ ಮಾಡಿ ಕೊಡುವುದಾದರೆ ದೊಡ್ಡ ಒಪ್ಪಂದವೂ ಸಾಧ್ಯ ಎಂದು 81–19 ತೋರಿಸುತ್ತದೆ. ಅದಕ್ಕೆ ಡೆಮಾಕ್ರಟರು ಕೊಟ್ಟ ಬೆಲೆ, ಬುಷ್ ಕಾಲದ ತೆರಿಗೆ ಕಡಿತಗಳನ್ನು ಶ್ರೀಮಂತರಿಗೂ ಸೇರಿಸಿ ಎರಡು ವರ್ಷ ಮುಂದುವರಿಸಿದ್ದು. ಬದಲಿಗೆ 13 ತಿಂಗಳ ನಿರುದ್ಯೋಗ ಭತ್ಯೆ ಸಿಕ್ಕಿತು. ಸಿಬಿಒ ಪಟ್ಟಿಯ ತಳದಲ್ಲಿದ್ದದ್ದನ್ನು ಕೊಟ್ಟು ತುದಿಯಲ್ಲಿದ್ದದ್ದನ್ನು ಪಡೆದರು. ಆ ಚಳಿಗಾಲದಲ್ಲಿ ಭತ್ಯೆ ನಿಂತಿದ್ದರೆ ಎಷ್ಟು ಮನೆಗಳು ಬೀದಿಗೆ ಬರುತ್ತಿದ್ದವು ಎಂದು ಯೋಚಿಸಿದರೆ, ದುಬಾರಿಯಾದರೂ ಅದು ಒಪ್ಪತಕ್ಕ ವಿನಿಮಯ.

ಇಡಿಯೋ, ತುಂಡೋ

2010ರ ಫೆಬ್ರುವರಿ 11ರಂದು ಸೆನೆಟರುಗಳಾದ ಮ್ಯಾಕ್ಸ್ ಬಾಕಸ್ ಮತ್ತು ಚಕ್ ಗ್ರಾಸ್ಲಿ ಎರಡೂ ಪಕ್ಷಗಳ ಪರವಾಗಿ 85 ಬಿಲಿಯನ್ ಡಾಲರ್ ಕರಡು ಹೊರತಂದರು. ಅದೇ ದಿನ ಬಹುಮತದ ನಾಯಕ ಹ್ಯಾರಿ ರೀಡ್ ಅದನ್ನು ಕತ್ತರಿಸಿ ನಾಲ್ಕೇ ಅಂಶಗಳ 15 ಬಿಲಿಯನ್ ಮಸೂದೆ ಮಾಡಿದರು, ಮುಂದೆ ಹೈರ್ ಕಾಯ್ದೆಯಾದದ್ದು ಇದೇ. ಒಪ್ಪಂದಕ್ಕೆ ಕೂತಿದ್ದ ರಿಪಬ್ಲಿಕನ್ನರನ್ನು ಅದು ಕೆರಳಿಸಿತು. ಆದರೂ ಫೆಬ್ರುವರಿ 22ರಂದು 62–30ರಲ್ಲಿ ಚರ್ಚೆ ಮುಗಿಸುವ ಮತ ಸಿಕ್ಕಿತು, ಸ್ಕಾಟ್ ಬ್ರೌನ್ ಸೇರಿ ಐವರು ರಿಪಬ್ಲಿಕನ್ನರು ಬಂದರು. ಚಿಕ್ಕ ಮಸೂದೆಯನ್ನು ವಿರೋಧಿಸಲು ಕಾರಣ ಹುಡುಕುವುದು ಕಷ್ಟ. ಹಾಗೆಂದು 80 ಲಕ್ಷ ಕೆಲಸಗಳ ಹೊಂಡವನ್ನು ಅದು ತುಂಬಲಾರದು. 1993ರಲ್ಲಿ ಬಿಲ್ ಕ್ಲಿಂಟನ್‌ಗೂ ಹೀಗೇ ಆಗಿತ್ತು. 16 ಬಿಲಿಯನ್ ಡಾಲರ್ ಪ್ಯಾಕೇಜ್ ಫಿಲಿಬಸ್ಟರ್‌ಗೆ ಸಿಕ್ಕಿ ಬಿದ್ದು, ಉಳಿದದ್ದು 4 ಬಿಲಿಯನ್ ನಿರುದ್ಯೋಗ ಭತ್ಯೆ ಮಾತ್ರ.

ಹಾಗಾದರೆ ಯಾವಾಗ ಯಾವುದು

ಕೆಲಸದಿಂದ ತೆಗೆಯುವುದು ಇನ್ನೂ ನಡೆಯುತ್ತಿರುವ ತಿಂಗಳುಗಳಲ್ಲಿ ಭತ್ಯೆ, ರಾಜ್ಯ ನೆರವು, ಕೆಲಸ ಹಂಚಿಕೆ ಈ ಮೂರನ್ನೇ ಹಿಡಿಯಬೇಕು. ಕೆಲಸ ಹಂಚಿಕೆ ಎಂದರೆ, ಹತ್ತು ಜನರಲ್ಲಿ ಇಬ್ಬರನ್ನು ತೆಗೆಯುವ ಬದಲು ಹತ್ತೂ ಜನರ ಗಂಟೆಗಳನ್ನು ಶೇ 20 ಕಡಿಮೆ ಮಾಡಿ, ಆ ನಷ್ಟದ ಒಂದು ಪಾಲನ್ನು ಭತ್ಯೆ ನಿಧಿಯಿಂದ ಕೊಡುವುದು. 2012ರ ಫೆಬ್ರುವರಿಯ ಕಾಯ್ದೆ ಇದಕ್ಕೆ ಫೆಡರಲ್ ಹಣ ಕೊಟ್ಟಿತು, ಎರಡೂ ಪಕ್ಷಗಳ ಹೆಚ್ಚಿನವರಿಗೆ ತಕರಾರಿರಲಿಲ್ಲ. ತಡವಾಗಿ ಬಂದದ್ದೇ ಅದರ ದುರದೃಷ್ಟ, ಅಷ್ಟರಲ್ಲಿ ತೆಗೆಯುವುದೆಲ್ಲ ಮುಗಿದಿತ್ತು.

ತೆಗೆಯುವುದು ನಿಂತಿದೆ, ಸೇರಿಸಿಕೊಳ್ಳಲು ಮಾತ್ರ ಕಂಪನಿಗಳು ಹಿಂಜರಿಯುತ್ತಿವೆ ಎಂಬ ಹಂತದಲ್ಲಿ ನೇಮಕಾತಿ ವಿನಾಯಿತಿ ಸರಿಯಾದ ಆಯ್ಕೆ. ಅದಕ್ಕಿಂತ ಮೊದಲು ಕೊಟ್ಟರೆ ಗಿರಾಕಿ ಇಲ್ಲದ ಕಂಪನಿಗೆ ಅದರಿಂದ ಉಪಯೋಗವಿಲ್ಲ. ಮೂರು ನಾಲ್ಕು ವರ್ಷ ಎಳೆಯುವ ಕುಸಿತದಲ್ಲಿ, ಅದರಲ್ಲೂ ಕಟ್ಟಡ ಕಾರ್ಮಿಕರು ಸುಮ್ಮನೆ ಕೂತಿರುವಾಗ, ಬಡ್ಡಿ ಕಡಿಮೆ ಇರುವಾಗ, ರಸ್ತೆ ಸೇತುವೆಗೆ ಹಣ ಹಾಕುವುದು ಸಮಂಜಸ. 1982ರ ಕೊನೆಯಲ್ಲಿ ನಿರುದ್ಯೋಗ ಶೇ 10.8 ಇದ್ದಾಗ ರೇಗನ್ ಮತ್ತು ಡೆಮಾಕ್ರಟರ ಬಹುಮತವಿದ್ದ ಪ್ರತಿನಿಧಿ ಸಭೆ ಸೇರಿ ಗ್ಯಾಲನ್‌ಗೆ 5 ಸೆಂಟ್ ಪೆಟ್ರೋಲ್ ತೆರಿಗೆ ಏರಿಸಿ ಅದರ ಹೆಚ್ಚಿನ ಪಾಲನ್ನು ಹೆದ್ದಾರಿಗೆ ಕೊಟ್ಟರು. ರಸ್ತೆ ಬಳಸುವವರೇ ರಸ್ತೆಗೆ ಕೊಡುವ ಆ ಮೂಲವನ್ನು ಆಗ ಎರಡೂ ಕಡೆಯವರು ಒಪ್ಪಿದ್ದರು. 1993ರ ನಂತರ ಆ ತೆರಿಗೆ 18.4 ಸೆಂಟ್‌ನಲ್ಲೇ ನಿಂತಿದೆ, ಈಗ ಅದನ್ನು ಎತ್ತಲು ಯಾವ ಪಕ್ಷಕ್ಕೂ ಧೈರ್ಯವಿಲ್ಲ.

ಇನ್ನು ಮಸೂದೆಯ ಪಠ್ಯ ಕೈಗೆ ಬಂದಾಗ ಮುಕ್ತಾಯದ ದಿನಾಂಕವನ್ನು ಹುಡುಕಿ ನೋಡಿ. ಡಿಸೆಂಬರ್ 31 ಎಂದಿದ್ದರೆ ಕ್ರಿಸ್‌ಮಸ್ ವಾರದಲ್ಲಿ ಇನ್ನೊಂದು ಜಗಳ ಖಚಿತ, 2011ರಲ್ಲಿ ಆದಂತೆ. ದಿನಾಂಕದ ಬದಲು, ರಾಜ್ಯದ ಮೂರು ತಿಂಗಳ ಸರಾಸರಿ ನಿರುದ್ಯೋಗ ಇಷ್ಟು ಶೇಕಡಾಕ್ಕಿಂತ ಇಳಿದಾಗ ನಿಲ್ಲುತ್ತದೆ ಎಂದು ಬರೆಸಿಕೊಂಡರೆ ಆ ಜಗಳವೇ ಇರುವುದಿಲ್ಲ. 1970ರಿಂದ ಇರುವ ವಿಸ್ತರಿತ ಭತ್ಯೆ ಯೋಜನೆಯಲ್ಲಿ ಇಂಥ ಸ್ವಯಂಚಾಲಿತ ಏರ್ಪಾಟು ಇದೆ. ಅದರಲ್ಲಿ ಸಾಮಾನ್ಯವಾಗಿ ಅರ್ಧ ಖರ್ಚು ರಾಜ್ಯದ್ದಾದ್ದರಿಂದ ರಾಜ್ಯಗಳು ಹಿಂದೆ ಸರಿಯುತ್ತವೆ. 2009ರಲ್ಲಿ ಫೆಡರಲ್ ಸರ್ಕಾರ ಪೂರ್ತಿ ಖರ್ಚು ವಹಿಸಿಕೊಂಡಾಗ ಹಲವು ರಾಜ್ಯಗಳು ತಮ್ಮ ಕಾನೂನು ತಿದ್ದಿ ಸೇರಿಕೊಂಡವು. ಮುಂದಿನ ಹಿಂಜರಿತಕ್ಕೆ ಮೊದಲೇ, ನಿರುದ್ಯೋಗ ಕಡಿಮೆ ಇದ್ದು ಸಿಬಿಒ ಅಂದಾಜೂ ಚಿಕ್ಕದಾಗಿ ಬರುವ ಒಂದು ವರ್ಷದಲ್ಲಿ, ಆ ಪೂರ್ತಿ ಖರ್ಚಿನ ನಿಯಮವನ್ನು ಕಾಯಂ ಮಾಡುವ ಮಸೂದೆಯನ್ನು ತರಬೇಕು.